ನೀಲವ್ವತ್ತೆ ಆಡಿದ ಮಾತು

ನಮ್ಮ ನೀಲವ್ವತ್ತೆ ಟಿ.ವಿ.ಯ ಜೊತೆ ಜಗಳಾಡುತ್ತಿದ್ದಳು. ಯಾವ ಮಂತ್ರಿಯೇ ಬರಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಎದುರು ನಿಲ್ಲುವಳು. "ಹೌದಪಾ, ನೀ ಹೇಳಿದಿ, ನಾವು ನಂಬಿದ್ವಿ" ಎಂದು ತಿವಿಯುವಳು. ನಾನು ಬಂದ್ ಮಾಡಿದರೆ ಸಿಟ್ಟು ನನ್ನ ಮೇಲೆ ತಿರುಗುತ್ತಿತ್ತು. "ಚಾಲೂ ಮಾಡವಾ, ನಂದಿನ್ನೂ ಮುಗದಿಲ್ಲ."

ಕೊರ್ಲಹಳ್ಳಿಯ ಹೊಳೆದಂಡೆಯಲ್ಲಿ ಸಿನಿಮಾ ಶೂಟಿಂಗ್ ಎಂದು ಗೊತ್ತಾದಾಗ ನನ್ನನ್ನೂ ಎಳೆದುಕೊಂಡು ಹೋದಳು. ಸರ್ಕಾರ ಹಳ್ಳಿಯ ಹೊಲ ಕಸಿಯುವ ಕಥೆ. ಸಾಹೇಬನ ವೇಷದವನು ಜೀಪಿನಿಂದಿಳಿದು ಗದರಿಸಬೇಕು, ಮಂದಿ ತಲೆ ತಗ್ಗಿಸಿ ನಿಲ್ಲಬೇಕು. ಆ ಮಂದಿಯಲ್ಲಿ ಅತ್ತೆಯನ್ನೂ ನಿಲ್ಲಿಸಿದ್ದರು. ಅವಳಿಗೆ ತಡೆಯಲಾಗಲಿಲ್ಲ. ಮುಂದೆ ನುಗ್ಗಿ, "ಈ ಹೊಲದ ಜ್ವಾಳಾ ತಿಂದು ನಿಂತೇವಿ ನಾವು. ಕೊಡಂಗಿಲ್ಲ, ಹೋಗು" ಅಂದುಬಿಟ್ಟಳು. ಅವನು ನಿಜವಾಗಿಯೂ ಹಿಂದೆ ಸರಿದ. ನಿರ್ದೇಶಕರಿಗೆ ಅದೇ ಹಿಡಿಸಿತು, ಹಾಗೇ ಇಟ್ಟುಕೊಂಡರು.

ಮಧ್ಯಾಹ್ನ ಅತ್ತೆ ತನ್ನ ಬುತ್ತಿಯ ರೊಟ್ಟಿ, ಪುಂಡಿಪಲ್ಯ ಆ ವೇಷದ ಸಾಹೇಬನ ಮುಂದಿಟ್ಟು, "ಉಣ್ಣಪಾ, ಬಿಸಲಾಗ ನಿಂತಿ. ಹೊಲಾ ಮಾತ್ರ ಕೇಳಬ್ಯಾಡ" ಅಂದಳು. ಪಾಪ, ಅವನು ತಲೆಯಾಡಿಸಿ ಉಂಡ.

ಸಿನಿಮಾ ಗದಗಕ್ಕೆ ಬಂದಾಗ ಇಬ್ಬರೂ ಹೋದೆವು. ಪರದೆಯ ತುಂಬ ಅತ್ತೆಯ ಮುಖ. ಬಾಯಿ ಅವಳದೇ, ದನಿ ಮಾತ್ರ ಯಾರದೋ, ಬೆಂಗಳೂರು ಕಡೆಯ ಮೆತ್ತನೆಯ ಹೆಣ್ಣುದನಿ: "ದಯವಿಟ್ಟು ನಮ್ಮ ಭೂಮಿ ಬಿಟ್ಬಿಡಿ ಸ್ವಾಮಿ." ಆಮೇಲೆ ನಾಯಕ ಬಂದು ಕಾಪಾಡಿದ. ಜನ ಸೀಟಿ ಹೊಡೆದರು. ಅತ್ತೆ ನನ್ನ ತೋಳು ಹಿಡಿದಳು. "ಯಾರವಾ ಆಕಿ? ನನ್ನ ಬಾಯಾಗ ಕುಂತು ಬೇಡಾಕತ್ತಾಳಲ್ಲ." ನನಗೆ ಮೊದಲು ನಗು ಬಂತು, ಆಮೇಲೆ ಸಂಕಟವಾಯಿತು.

ಮುಂದಿನ ವರ್ಷ ಖರೆ ನೋಟಿಸೇ ಬಂತು. ಯಾವುದೋ ಕಾರ್ಖಾನೆಗೆ ನಮ್ಮ ಹೊಲ, ಅದರ ಪಕ್ಕಕ್ಕಿರುವ ಅತ್ತೆಯ ಹೊಲ, ಎರಡೂ ಬೇಕಂತೆ. ಮುಂಡರಗಿಯಲ್ಲಿ ಸಭೆ. ಅಧಿಕಾರಿ ಬಹಳ ಸಭ್ಯಸ್ಥ. "ಅಜ್ಜಿ, ನೀವು ಕೂತ್ಕೊಳ್ಳಿ. ನಿಮ್ಮ ಪರವಾಗಿ ಓದಿದವರು ಯಾರಾದ್ರೂ ಹೇಳಲಿ" ಎಂದರು. ಎಲ್ಲರೂ ನನ್ನತ್ತ ನೋಡಿದರು. ನಾನು ಎದ್ದೆ. ಅತ್ತೆ ನನ್ನ ಭುಜ ಒತ್ತಿ ಕೂಡಿಸಿದಳು.

"ಇಕಿ ನಮ್ಮಣ್ಣನ ಮಗಳ್ರಿ, ಶಾಣ್ಯಾಕಿ ಖರೆ. ಆದ್ರ ನನ್ನ ಮಾತು ಒಮ್ಮಿ ಬ್ಯಾರೆಯವರ ಬಾಯಿಗಿ ಕೊಟ್ಟು ನೋಡೇನಿ. ರೊಕ್ಕಾ ಹೆಚ್ಚಿಗಿ ಕೊಡ್ರಿ ಅಂತ ಕೇಳಾಕತ್ತಿಲ್ಲ ಸಾಹೇಬ್ರ. ಹೊಲಾ ಕೊಡಂಗಿಲ್ಲ ಅಂತ ಹೇಳಾಕತ್ತೇನಿ."

ಅಧಿಕಾರಿ ನೀರು ಕುಡಿದರು. ಸಭೆಯನ್ನು ಮುಂದಕ್ಕೆ ಹಾಕಿದರು.

ಮುಂದಿನ ಸಭೆಗೆ ಅತ್ತೆ ಉಳಿಯಲಿಲ್ಲ. ಸುಗ್ಗಿಯ ಹೊತ್ತಿಗೆ ಜ್ವರ ಬಂದದ್ದೇ ನೆಪ. ಮನೆ ಬಣಬಣ ಎನ್ನುತ್ತಿದೆ. ಅವಳ ಮೇಲೆ ನನಗೆ ಸಿಟ್ಟೂ ಇದೆ. ಇಂಥ ಹೊತ್ತಿನಲ್ಲಿ ಬಿಟ್ಟುಹೋಗುವುದೇ?

ನಾಳೆ ಸಭೆ. ಅತ್ತೆ ಬರೆದಿಟ್ಟುಹೋದ ಅವಳ ಹೊಲ ಈಗ ನನ್ನ ಹೆಸರಿಗಿದೆ. ಬೆಳಗಿನಿಂದ ಒಳಗೂ ಹೊರಗೂ ತಿರುಗುತ್ತಿದ್ದೇನೆ, ಅನ್ನ ಸೇರುತ್ತಿಲ್ಲ. ನೋಡಲಾಗದೆ ನನ್ನ ಅಣ್ಣ ಹೇಳಿದ, "ಅಂಜಬ್ಯಾಡ. ನಿನ್ನ ಮಾತು ನಾ ಆಡತೇನಿ."

"ಬ್ಯಾಡಣ್ಣ," ಅಂದೆ. "ನೀ ನನ್ನ ಬಾಜೂಕ ಕುಂಡ್ರು, ಸಾಕು."