ಭಾವ ಬಂದು ಓವನ್ ನೋಡಿದ್ದು

ಭಾವ ಮೊದಲ ಸಲ ನಮ್ಮ ಮನೆಗೆ ಬಂದಾಗ ನಾನು ಅವರಿಗೆ ನಾಲಿಗೆ ಚಾಚಿ ತೋರಿಸಿದ್ದೆ. ಅವರ ಅಂಗಿಯ ಜೇಬಿನಿಂದ ಉದ್ದನೆಯ ಥರ್ಮಾಮೀಟರ್ ಇಣುಕುತ್ತಿತ್ತು. ಅಕ್ಕ ಡಾಕ್ಟರನ್ನೇ ಹಿಡಿದಿದ್ದಾಳೆ ಅಂದುಕೊಂಡೆ. ಅವರು ಗಂಭೀರವಾಗಿ ಬಗ್ಗಿ ನೋಡಿ, ನಾಲಿಗೆ ಸ್ವಲ್ಪ ಬೆಳ್ಳಗಿದೆ, ಆದರೆ ತಾನು ಲ್ಯಾಬುಗಳ ಓವನ್ ರಿಪೇರಿ ಮಾಡುವವನು ಎಂದರು. ಮನೆಯವರೆಲ್ಲ ನಕ್ಕರು. ನನ್ನ ಹೊಟ್ಟೆಕಿಚ್ಚಿಗೆ ಕಡ್ಡಿ ಗೀರಿದ್ದು ಅಂದೇ.

ಆಮೇಲೆ ಅದು ಆರಲೇ ಇಲ್ಲ. ಇಸ್ತ್ರಿಪೆಟ್ಟಿಗೆ ಕೆಟ್ಟರೆ ಅಮ್ಮ ಅಳಿಯ ಬರುವ ಭಾನುವಾರದವರೆಗೆ ಸುಕ್ಕುಬಟ್ಟೆಯಲ್ಲೇ ಓಡಾಡುತ್ತಿದ್ದಳು. ನಾನೊಮ್ಮೆ ಮೇಜಿನ ಫ್ಯಾನ್ ಬಿಚ್ಚಿ ಜೋಡಿಸಿದ್ದೆ. ತಿರುಗುತ್ತಿತ್ತು, ಗಾಳಿ ಮಾತ್ರ ಗೋಡೆಗೆ ಬೀಸುತ್ತಿತ್ತು. ಇನ್ನು ನೀನು ಏನನ್ನೂ ಮುಟ್ಟಬೇಡಪ್ಪ ಎಂದು ಅಮ್ಮ ಅಂದ ರೀತಿಗೆ ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಮೂರು ದಿನದ್ದೂ ಸೇರಿತು.

ನಾನು ಕಾಳುಗಳನ್ನು ಓವನ್ನಿನಲ್ಲಿ ಒಣಗಿಸಿ ತೇವಾಂಶ ಅಳೆಯುವ ಲ್ಯಾಬಿನಲ್ಲಿ ಸಹಾಯಕ. ಕೆಲಸ ಖಾಯಂ ಆಗಿರಲಿಲ್ಲ. ನನ್ನನ್ನು ಇಟ್ಟುಕೊಳ್ಳುವುದೋ ಕಳಿಸುವುದೋ ಎಂದು ಲ್ಯಾಬ್ ನಡೆಸುವ ಮೇಡಂ ತಿಂಗಳ ಕೊನೆಗೆ ತೀರ್ಮಾನಿಸುವವರಿದ್ದರು. ಅದೇ ಹೊತ್ತಿಗೆ ಓವನ್ ಕೈಕೊಟ್ಟಿತು. ಬಾಗಿಲ ಮೇಲಿನ ಅಂಕಿ ನೂರೈದು ಡಿಗ್ರಿ ಎನ್ನುತ್ತಿದ್ದರೂ ಮೇಲಿನ ಶೆಲ್ಫಿನ ಕಾಳು ಒಣಗುತ್ತಿರಲಿಲ್ಲ. ಕಾವು ಅಳೆಯುವ ಸೆನ್ಸರ್ ಸತ್ತಿದೆ, ಹೊಸ ಓವನ್ನೇ ತರಿಸಬೇಕು ಎಂದು ಎರಡು ಪುಟ ಬರೆದುಕೊಟ್ಟೆ. ಮೇಡಂ ಓದಿ, ರಿಪೇರಿಯವರಿಗೆ ಫೋನ್ ಮಾಡಿದರು. ಬಂದದ್ದು ಭಾವ.

ನಂಟಸ್ತನದ ಬಗ್ಗೆ ಇಬ್ಬರೂ ಬಾಯಿಬಿಡಲಿಲ್ಲ. ಅವರು ಸ್ಕ್ರೂಡ್ರೈವರ್ ಹೊರಗೇ ತೆಗೆಯಲಿಲ್ಲ. ಒಳಗಿದ್ದ ಕಾಳೆಲ್ಲ ಖಾಲಿ ಮಾಡಿಸಿ, ತಳದಲ್ಲಿ, ನಡುವೆ, ಮೇಲೆ ಒಂದೊಂದು ಥರ್ಮಾಮೀಟರ್ ಇಟ್ಟು, ಬಾಗಿಲು ಹಾಕಿ, ಸ್ಟೂಲಿನ ಮೇಲೆ ಕೈಕಟ್ಟಿ ಕೂತರು. ಒಂದು ಗಂಟೆ. ಒಮ್ಮೆ ತೆಗೆದು ನೋಡೋಣವೇ ಎಂದೆ. ಕಾವು ಕೂರುವ ತನಕ ಬಾಗಿಲು ಮುಟ್ಟುವಂತಿಲ್ಲ ಎಂದರು. ಇವರಿಗೆ ಏನೂ ಹೊಳೆಯುತ್ತಿಲ್ಲ, ಇವತ್ತು ಸಿಕ್ಕಿಬಿದ್ದರು ಎಂದು ನನಗೆ ಹಾಲು ಕುಡಿದಷ್ಟು ಸಂತೋಷ.

ಕೊನೆಗೆ ಬಾಗಿಲು ತೆಗೆದು ನೋಡಿದರೆ ತಳದಲ್ಲಿ ನೂರೈದು, ನಡುವೆ ತೊಂಬತ್ತಾರು, ಮೇಲೆ ತೊಂಬತ್ತು. ಓವನ್ನಿನ ಸೆನ್ಸರ್ ಇರುವುದು ತಳದಲ್ಲಿ. ಪಾಪ, ಅದು ತನಗೆ ತಾಕಿದ್ದನ್ನೇ ಹೇಳುತ್ತಿತ್ತು. ಬಿಸಿ ಮೇಲೇರುವ ದಾರಿ ಎಲ್ಲೋ ಕಟ್ಟಿದೆ ಎನ್ನುತ್ತ ಭಾವ ಬಗ್ಗಿ, ಕೆಳಗಿನ ಶೆಲ್ಫಿಗೆ ಅಂಟಿದ್ದ ಅಲ್ಯೂಮಿನಿಯಂ ಫಾಯಿಲನ್ನು ಉಗುರಿನಿಂದ ಎತ್ತಿದರು. ಅಡಿಯಲ್ಲಿ ಗಾಳಿಯ ತೂತುಗಳ ಸಾಲು. ಅವರು ಒಮ್ಮೆ ನನ್ನ ಮುಖ ನೋಡಿದರು. ಕಾಳು ಉದುರಿ ಗಲೀಜಾಗದಿರಲಿ ಎಂದು ಅದನ್ನು ಅಂಚಿನಿಂದ ಅಂಚಿಗೆ ಹಾಸಿದವನು ನಾನು. ಎಷ್ಟು ಚೆಂದ ಹಾಸಿದ್ದೆನೆಂದರೆ ನನಗೇ ಮರೆತುಹೋಗಿತ್ತು.

ಫಾಯಿಲ್ ತೆಗೆದು ಇನ್ನೊಂದು ಗಂಟೆ ಬಿಟ್ಟರೆ ಮೂರೂ ಕಡೆ ನೂರೈದರ ಆಸುಪಾಸು. ಮೇಡಂ ಬಂದು ಏನಾಗಿತ್ತೆಂದು ಕೇಳಿದರು. ಆ ಕ್ಷಣ ನನ್ನನ್ನು ಅಳೆದಿದ್ದರೆ ತೇವಾಂಶ ಸೊನ್ನೆ. ಗಾಳಿಯ ದಾರಿ ಮುಚ್ಚಿತ್ತು, ಬಿಡಿಸಿದ್ದೇನೆ, ಮೇಲಿನ ಶೆಲ್ಫಿನ ಕಾಳನ್ನೆಲ್ಲ ಮತ್ತೆ ಅಳೆಯಿರಿ, ಹೊಸ ಓವನ್ ಬೇಡ ಎಂದಷ್ಟೇ ಹೇಳಿ ಭಾವ ಚೀಲ ಕಟ್ಟಿದರು.

ಬಚಾವಾದ ಖುಷಿಗಿಂತ, ದೊಡ್ಡತನದಲ್ಲೂ ಇವರೇ ಗೆದ್ದರಲ್ಲ ಎಂಬ ಉರಿ ಹೆಚ್ಚಾಯಿತು. ಗೇಟಿನವರೆಗೆ ಹಿಂದೆಯೇ ಹೋಗಿ ಕೇಳಿಬಿಟ್ಟೆ.

"ಭಾವ, ಹಾಸಿದ್ದು ನಾನೇ ಅಂತ ನಿಮ್ಗೆ ಗೊತ್ತಾಗಿತ್ತು. ಯಾಕೆ ಹೇಳ್ಲಿಲ್ಲ?"

ಅವರು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡರು.

"ನಿನ್ ಕೆಲ್ಸ ಹೋದ್ರೆ ಅತ್ತೆ ನಿನ್ನ ನನ್ ಜೊತೆ ಕೆಲ್ಸಕ್ಕೆ ಹಾಕ್ತಾರೆ. ನನ್ ಕೈಲಿ ಆಗಲ್ಲಪ್ಪ."