ಸಾರಿ ಹೇಳಬೇಡ ಎಂದವಳು

ಹೊಸ ಅಕ್ಕಿ ಚೀಲ ಬಿಚ್ಚಿದಾಗ ಒಂದು ವಾಸನೆ ಬರುತ್ತದಲ್ಲ, ಗೋಣಿನಾರು ಮತ್ತು ಅಕ್ಕಿಯ ಧೂಳು ಬೆರೆತದ್ದು... ಬೇರೆಯವರಿಗೆ ಅದರಿಂದ ಊಟ ನೆನಪಾಗುತ್ತದೆಯೇನೋ, ನನಗೆ ಕೋರ್ಟು ನೆನಪಾಗುತ್ತದೆ. ಮೊನ್ನೆ ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಚೀಲದ ಜಿಪ್ ಎಳೆದವಳು ಹಾಗೇ ನೆಲದ ಮೇಲೆ ಕುಳಿತುಬಿಟ್ಟೆ. ಕಣ್ಣ ಮುಂದೆ ಬಂದವಳು ನಮ್ಮ ಲಾಯರ್ ಹುಡುಗಿ.

ಆಗಿನ್ನೂ ಕೊರೊನಾ ಪೂರ್ತಿ ಹೋಗಿರಲಿಲ್ಲ. ನಾವು ಅಮೆರಿಕದ ಮಾರಿಸ್‌ವಿಲ್‌ಗೆ ಬಂದು ಕೆಲವು ವರ್ಷಗಳಾಗಿದ್ದವು. ದೊಡ್ಡ ಅಂಗಡಿಯೊಂದರಲ್ಲಿ ನಾನೇ ಎಲ್ಲವನ್ನೂ ಸ್ಕ್ಯಾನ್ ಮಾಡಿ, ಬಿಲ್ ಕಟ್ಟಿ ಹೊರಟಿದ್ದೆ. ಕೊತ್ತಂಬರಿ ಕಟ್ಟನ್ನೂ ಬಿಟ್ಟಿರಲಿಲ್ಲ. ಬಿಟ್ಟದ್ದು ತಳ್ಳುಗಾಡಿಯ ಕೆಳಗಿನ ಕಂಬಿಗಳ ಮೇಲಿದ್ದ ಅಕ್ಕಿ ಚೀಲವನ್ನು. ಬಾಗಿಲಲ್ಲಿ ಅಂಗಡಿಯ ಕಾವಲಿನವನು ತಡೆದು ಅದನ್ನು ತೋರಿಸಿದ. ಬಾಯಿಂದ ಹೊರಟದ್ದು ಒಂದೇ ಮಾತು, ಸಾರಿ. ಅದೂ ಒಂದಲ್ಲ, ಜಪದ ಹಾಗೆ. ನಮ್ಮಲ್ಲಿ ಬೆಳೆದವರು ಮಾಡುವುದೇ ಅದು. ಮೇಷ್ಟ್ರು ಗದರಲಿ, ಅತ್ತೆ ಗದರಲಿ, ತಪ್ಪು ಯಾರದೇ ಇರಲಿ, ತಪ್ಪಾಯ್ತು ಅಂದುಬಿಟ್ಟರೆ ಮಾತು ಅಲ್ಲಿಗೆ ಮುಗಿಯುತ್ತದೆ. ಆ ಮನುಷ್ಯನಿಗೆ ಮಾತು ಅಲ್ಲಿಂದ ಶುರುವಾಯಿತು. ಪೊಲೀಸರು ಬಂದರು, ನನ್ನ ಮೇಲೆ ಕಳ್ಳತನದ ಕೇಸು ಬಿತ್ತು.

ದೇವಸ್ಥಾನದಲ್ಲಿ ಪರಿಚಯವಿದ್ದ ಅಂಕಲ್‌ಗಳೆಲ್ಲ ಒಂದೇ ಸಲಹೆ ಕೊಟ್ಟರು. ಒಪ್ಪಿಕೊಂಡುಬಿಡಿ, ಫೈನ್ ಕಟ್ಟಿ ಕೈತೊಳೆದುಕೊಳ್ಳಿ, ಕೋರ್ಟಿಗೆಲ್ಲ ಯಾರು ಅಲೆಯುತ್ತಾರೆ. ನನ್ನ ಗಂಡನಿಗೂ ಅದೇ ಸರಿ ಅನ್ನಿಸಿತ್ತು. ಅಂಕಲ್‌ಗಳು ಫ್ರೀಯಾಗಿ ಕೊಡುವ ಪ್ರಸಾದದಲ್ಲಿ ಇದೂ ಒಂದು. ಅದನ್ನು ಕೇಳಿಸಿಕೊಂಡು ಮಧ್ಯೆ ಬಾಯಿ ಹಾಕಿದವಳೇ ಈ ಲಾಯರ್ ಹುಡುಗಿ. ಉತ್ತರ ಕರ್ನಾಟಕದ ಡಾಕ್ಟರ್ ದಂಪತಿಗಳ ಮಗಳು, ಇಲ್ಲೇ ಹುಟ್ಟಿದವಳು, ಸ್ವಂತ ವಕೀಲಿಕೆ ಶುರು ಮಾಡಿ ಹೆಚ್ಚು ದಿನವಾಗಿರಲಿಲ್ಲ. ಕಳ್ಳತನ ಒಪ್ಪಿಕೊಂಡರೆ ಫೈನ್ ಆ ದಿನಕ್ಕೆ ಮುಗಿಯುತ್ತದೆ, ದಾಖಲೆ ಮುಗಿಯುವುದಿಲ್ಲ, ಹೊಸ ವೀಸಾ ಹಾಕಿಸಿಕೊಳ್ಳಲು ಊರಿಗೆ ಹೋದರೆ ವಾಪಸ್ ಬರುವುದು ಕಷ್ಟ ಎಂದು ಬಿಡಿಸಿ ಹೇಳಿದಳು. ನನ್ನ ಮಗಳು ಆಗ ಎಲಿಮೆಂಟರಿ ಸ್ಕೂಲಿನಲ್ಲಿದ್ದಳು. ಅವಳನ್ನು ಬಿಟ್ಟು ನಾನು ಅಲ್ಲಿ, ಅವಳು ಇಲ್ಲಿ...

ಎಲ್ಲ ಹೇಳಿ ಮುಗಿಸಿದ ಮೇಲೆ ಹುಡುಗಿ ನನ್ನ ಮುಖವನ್ನೇ ನೋಡುತ್ತ ಕೇಳಿದಳು. "ಆಂಟಿ, ನೀ ಕದ್ದೀ ಏನು?"

ಎಲ್ಲರನ್ನೂ ನೀ ಎಂದೇ ಕರೆಯುತ್ತಿದ್ದಳು, ದೇವರಿಂದ ಹಿಡಿದು. ಇಲ್ಲ ಅಂದೆ.

"ಹಂಗಾದ್ರ ಸಾರಿ ಹೇಳಬ್ಯಾಡ."

ಅವಳ ಕೆಲಸದ ರೀತಿಯೇ ಬೇರೆ. ಒಂದು ಮಧ್ಯಾಹ್ನ ನನ್ನನ್ನು ಅದೇ ಅಂಗಡಿಗೆ ಕರೆದುಕೊಂಡು ಹೋಗಿ, ಅವತ್ತಿನ ಹಾಗೇ ಗಾಡಿ ತುಂಬಿಸಿದಳು. ಆಮೇಲೆ ತಾನು ಮೊಣಕಾಲು ಬಗ್ಗಿಸಿ ನನ್ನಷ್ಟೇ ಕುಳ್ಳಗಾಗಿ ನಿಂತು, ಅಲ್ಲಿಂದ ಚೀಲ ಕಾಣುತ್ತದೆಯೇ ಎಂದು ನೋಡಿದಳು. ಕಾಣುತ್ತಿರಲಿಲ್ಲ. ಜನ ತಿರುಗಿ ನೋಡಿದರು. ನನಗೆ ನಾಚಿಕೆ, ಅವಳಿಗೆ ಅದರ ಗೊಡವೆಯೇ ಇಲ್ಲ.

ವಾಪಸ್ ಡ್ರೈವ್ ಮಾಡುವಾಗ ತನ್ನ ಹಳೆಯ ಕಥೆ ಹೇಳಿದಳು. ಮೊದಲು ಅವಳು ಸರ್ಕಾರದ ಪರ ವಕೀಲೆಯಾಗಿದ್ದವಳು, ಆರೋಪ ಹೊರಿಸುವ ಕಡೆಯವಳು. ನನ್ನಂಥದೇ ಕೇಸಿನಲ್ಲಿ ನಮ್ಮ ಊರ ಕಡೆಯ ಹೆಂಗಸೊಬ್ಬಳು ಲಾಯರ್ ಇಲ್ಲದೆ ಬಂದು, ಸಾರಿ ಎಂದು ಒಪ್ಪಿಕೊಂಡು ಹೋಗಿದ್ದಳಂತೆ. ಒಂದು ಕೇಸು ಬೇಗ ಮುಗಿಯಿತಲ್ಲ ಎಂದು ಇವಳಿಗೆ ಖುಷಿಯಾಗಿತ್ತಂತೆ. ಬಹಳ ದಿನಗಳ ಮೇಲೆ ದೇವಸ್ಥಾನದಲ್ಲಿ ಆ ಹೆಂಗಸಿನ ಗಂಡ ಮಗುವನ್ನು ಎತ್ತಿಕೊಂಡು ಒಬ್ಬನೇ ನಿಂತಿದ್ದ. ಆಕೆ ಊರಿನಿಂದ ಮರಳಲು ಆಗಿರಲಿಲ್ಲ.

"ನಾ ಆಕೀನ ಒಂದ್ ಕ್ವೆಶ್ಚನ್ ಕೇಳಲಿಲ್ಲ, ಆಂಟಿ" ಅಂದಳು. ಸರ್ಕಾರದ ಕಡೆ ಕೆಟ್ಟದ್ದು, ಆರೋಪಿಯ ಕಡೆ ಒಳ್ಳೆಯದು ಎಂದು ಅವಳು ಒಮ್ಮೆಯೂ ಹೇಳಿದವಳಲ್ಲ. ಸರ್ಕಾರದ ಕಡೆಯೂ ಪ್ರಶ್ನೆ ಕೇಳುವವರು ಇರಬೇಕು ಅನ್ನುತ್ತಿದ್ದಳು, ಅಷ್ಟೇ.

ವಿಚಾರಣೆಯ ದಿನ ಕೋರ್ಟಿನ ಎಲಿವೇಟರ್ ಹತ್ತಿರ ಜನ ಕಿಕ್ಕಿರಿದಿದ್ದರು. ಯಾರೋ ನನ್ನ ಕಾಲು ತುಳಿದರು. ನೋಡಿದರೆ ಅದೇ ಕಾವಲಿನವನು, ಸಾಕ್ಷಿ ಹೇಳಲು ಬಂದವನು. ನಾನು ತಕ್ಷಣ ಸಾರಿ ಅಂದೆ. ಪಕ್ಕದಲ್ಲಿದ್ದ ನಮ್ಮ ಹುಡುಗಿ ನನ್ನನ್ನೊಮ್ಮೆ, ಅವನನ್ನೊಮ್ಮೆ ನೋಡಿ ಸುಮ್ಮನಾದಳು. ಬೈಯುತ್ತಾಳೆ ಅಂದುಕೊಂಡಿದ್ದೆ.

ಇಂಥ ಸಣ್ಣ ಕೇಸಿಗೆ ಜ್ಯೂರಿ ಇಲ್ಲ, ಜಡ್ಜ್ ಒಬ್ಬರೇ. ಒಳಗೆ ಹೋಗುವ ಮುಂಚೆ ಸರ್ಕಾರಿ ವಕೀಲರು ಹೇಳಿ ಕಳಿಸಿದರು, ಒಪ್ಪಿಕೊಂಡರೆ ಸಣ್ಣದರಲ್ಲಿ ಮುಗಿಸುತ್ತೇವೆ ಎಂದು. ನಾನು ಹೂಂ ಅನ್ನುವುದರಲ್ಲಿದ್ದೆ. ತೀರ್ಮಾನ ನಿನ್ನದೇ ಆಂಟಿ ಎಂದು ಹೇಳಿ ಅವಳು ಕಾದು ನಿಂತಳು, ಒತ್ತಾಯ ಮಾಡಲಿಲ್ಲ. ಮಗಳ ಮುಖ ನೆನೆಸಿಕೊಂಡು ಬೇಡ ಅಂದೆ.

ನಾನು ತಪ್ಪಿತಸ್ಥೆ ಎನ್ನುವುದಕ್ಕೆ ಆ ಕಾವಲಿನವನು ಕೊಟ್ಟ ದೊಡ್ಡ ಆಧಾರ ನನ್ನ ಸಾರಿಗಳೇ. ತಡೆದ ಕೂಡಲೇ ಕ್ಷಮೆ ಕೇಳಿದಳು, ಮತ್ತೆ ಮತ್ತೆ ಕೇಳಿದಳು, ಗೊತ್ತಿಲ್ಲದೆ ಆಗಿದ್ದರೆ ಯಾಕೆ ಕೇಳುತ್ತಿದ್ದಳು ಎಂದ. ಹುಡುಗಿ ಎದ್ದು ನಿಂತಳು. ಎರಡೂ ಕೈ ಹಿಂದೆ ಕಟ್ಟಿಕೊಂಡು, ಧ್ವನಿ ಏರಿಸದೆ, ಮನೆಯಲ್ಲಿ ಮಾತಾಡುವಷ್ಟೇ ಸಹಜವಾಗಿ ಇಂಗ್ಲಿಷಿನಲ್ಲಿ ಕೇಳಿದಳು.

"ಇವತ್ತು ಬೆಳಿಗ್ಗೆ ಎಲಿವೇಟರ್ ಹತ್ತಿರ ನೀವು ಇವರ ಕಾಲು ತುಳಿದಿರಿ, ಅಲ್ಲವೇ?"

ಅವನು ಹೌದು ಅಂದ. ಪಾಪ, ಸುಳ್ಳು ಹೇಳುವ ಜಾಯಮಾನದವನಲ್ಲ.

"ಆಗ ಇವರು ಏನಂದರು?"

ಅವನು ನನ್ನ ಕಡೆ ನೋಡಿದ. ಸಾರಿ ಅಂದರು ಎಂದ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಇನ್ನು ಕೇಳುವುದಿಲ್ಲ ಎಂದು ಹೇಳಿ ಅವಳು ಕುಳಿತಳು. ಅಲ್ಲಿಂದ ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ... ಜಡ್ಜ್ ನಾನು ನಿರಪರಾಧಿ ಎಂದರು. ಹೊರಗೆ ಬಂದು ಅವಳನ್ನು ತಬ್ಬಿಕೊಂಡು ಅತ್ತೆ. ಅಷ್ಟು ಧೈರ್ಯದ ಮಗುವನ್ನು ನಾನು ಬೇರೆ ಕಂಡಿಲ್ಲ.

ಆಮೇಲೆ ಅವಳು ಅಟ್ಲಾಂಟಾಗೆ ಹೋದಳು. ಅಲ್ಲಿ ಇನ್ನೂ ದೊಡ್ಡ ಕೇಸುಗಳು, ಯಾರೂ ಇಲ್ಲದವರ ಪರ. ಕಳೆದ ವರ್ಷ ಕಾಯಿಲೆ ಬಿದ್ದಳು. ಚಿಕಿತ್ಸೆ ಬಲ್ಲ ತಂದೆತಾಯಿಯ ಕೈಯಲ್ಲೂ ಅವಳು ಉಳಿಯಲಿಲ್ಲ. ನಾನು ಇಲ್ಲೇ ಇದ್ದೇನೆ, ನನ್ನ ಮಗಳು ದಿನಾ ಸ್ಕೂಲಿನಿಂದ ನನ್ನ ಮನೆಗೇ ಬರುತ್ತಾಳೆ. ಹೀಗೆ ಉಳಿಸಿದವಳು ಹೋದಳಲ್ಲ ಎಂಬ ಸಂಕಟ ನನ್ನನ್ನು ಬಿಡುವುದಿಲ್ಲ.

ಮೊನ್ನೆ ಅದೇ ಭಾನುವಾರ ಸಂಜೆ ಅವಳ ತಾಯಿಯನ್ನು ನೋಡಲು ಹೋದೆ. ಮಗಳು ಡಾಕ್ಟರ್ ಆಗಲಿಲ್ಲ ಎಂದು ಬಹಳ ಕಾಲ ಮುನಿಸಿಕೊಂಡಿದ್ದವರು ಅವರು. ಕಳ್ಳರ ಪರ ನಿಲ್ಲುವ ಕೆಲಸ ಎಂದು ಬೇಸರಪಟ್ಟುಕೊಳ್ಳುತ್ತಿದ್ದರು. ಚಹಾ ಮುಂದಿಟ್ಟು ಕೇಳಿದರು.

"ನಾ ಒಮ್ಮೆನೂ ಹೋಗಿ ನೋಡಲಿಲ್ರಿ. ಕೋರ್ಟಿನ್ಯಾಗ ಹೆಂಗ ನಿಂತಿದ್ಲು ಆಕಿ?"

ನಾನು ಎದ್ದು, ಎರಡೂ ಕೈ ಹಿಂದೆ ಕಟ್ಟಿಕೊಂಡು ಅವರ ನಡುಮನೆಯ ಮಧ್ಯೆ ನಿಂತೆ. ಅವಳು ಕೇಳಿದ ಹಾಗೇ ಕೇಳಿದೆ, ಕುಳಿತ ಹಾಗೇ ಕುಳಿತೆ. ಮುಗಿದಾಗ ಅವರು ಕಣ್ಣು ಒರೆಸಿಕೊಂಡರು.

"ಇನ್ನೊಮ್ಮೆ ಮಾಡಿ ತೋರಸ್ರಿ" ಅಂದರು.

ನಾನು ಮತ್ತೆ ಎದ್ದೆ.