ನಮ್ಮ ತಾರಸಿಯ ಮಳೆ ಡಬ್ಬಿ

ಮೋಡದ ಮೇಲೆ ವಿಮಾನದಿಂದ ಉಪ್ಪಿನ ಪುಡಿ ಎರಚಿ ಮಳೆ ಬರಿಸುತ್ತಾರಂತೆ ಎಂಬ ಸುದ್ದಿ ಬೆಂಗಳೂರಿನ ವಿಜಯನಗರದ ನಮ್ಮ ಬೀದಿಗೆ ಬಂದದ್ದು ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ. ಆಗ ನಾನು, ನನ್ನ ಹೆಂಡತಿ ಇದ್ದ ನಮ್ಮ ಮನೆಯಲ್ಲಿ ಹೆಚ್ಚು ಮಾತಿರಲಿಲ್ಲ. ಅಪ್ಪ ತೀರಿಹೋಗಿ ಕೆಲವು ತಿಂಗಳಾಗಿತ್ತು. ಹರಿಹರದಲ್ಲಿದ್ದ ಅವ್ವನನ್ನು ನಾನೇ ಕರೆತಂದು ಇಟ್ಟುಕೊಂಡಿದ್ದೆ. ಜನ್ಮವಿಡೀ ಹೊಳೆ ಪಕ್ಕದಲ್ಲಿ ಬದುಕಿದವಳಿಗೆ ನಮ್ಮ ಒಣ ನಲ್ಲಿ ಹಿಡಿಸಲಿಲ್ಲ.

"ನೀರಿಲ್ದ ಊರಾಗೆ ಹೆಂಗೆ ಇರ್ತೀರಪ್ಪಾ? ಹರಿಹರದಾಗಿರೋ ನಿನ್ನ ತಂಗಿ ಮನೇಗೆ ನನ್ನ ಬಿಟ್ಟು ಬಾ."

ವ್ಯಾಪಾರದವನಾದ ನಾನು ಅವಳ ಜೊತೆಯೂ ಚೌಕಾಸಿಗೆ ಕೂತೆ. "ಮಳೆಗಾಲದವರೆಗೆ ಇರು. ಮಳೆ ಬಂದ್ರೆ ಇಲ್ಲೇ ಇರಬೇಕು. ಬರದಿದ್ರೆ ನಾನೇ ಬಸ್ ಹತ್ತಿಸ್ತೀನಿ." ಅವಳು ಹೂಂ ಅಂದಳು. ಅಪ್ಪ ಸತ್ತಾಗ ನನಗೆ ಅಳು ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಅವ್ವ ಮನೆಯಲ್ಲಿ ಉಳಿಯಬೇಕು ಅನ್ನುವುದೊಂದೇ ತಲೆಯಲ್ಲಿತ್ತು.

ಅಂಥ ಹೊತ್ತಿಗೆ, ಮಳೆ ಅಳೆಯುವ ಡಬ್ಬಿ ಇಡಲು ತಾರಸಿ ಹುಡುಕುತ್ತಾ ಒಬ್ಬ ಅಧಿಕಾರಿ ಬಂದರು. ಕೆಡವಿದ ಮನೆಗಳ ಬಾಗಿಲು ಕಿಟಕಿ ಕೊಂಡು ಮಾರಿ ಮೇಲೆ ಬಂದವನು ನಾನು. ಯಾರಿಗೇ ಆಗಲಿ ಜಾಗ ಕೊಡುವ ಮೊದಲು ನಿಮಗೇನು ಬೇಕೋ ಕೇಳಿಬಿಡಿ. ಕೊಟ್ಟಮೇಲೆ ಕೇಳಿದರೆ ಅದು ಬೇಡಿದ ಹಾಗೆ. ನಾನು ಕೇಳಿದ್ದು ಒಂದೇ: ವಿಮಾನ ಯಾವ ದಿನ ಹಾರುತ್ತದೆ ಅಂತ ಹೇಳಬೇಕು.

"ಅದೊಂದು ಆಗಲ್ಲ ಯಜಮಾನ್ರೇ," ಅಂದರು. "ಮೋಡ ಬಂದ ದಿನ ನಾಣ್ಯ ಚಿಮ್ಮಿ ನೋಡ್ತೀವಿ. ಒಂದು ಕಡೆ ಬಿದ್ರೆ ಉಪ್ಪು ಎರಚ್ತೀವಿ, ಇನ್ನೊಂದು ಕಡೆ ಬಿದ್ರೆ ಸುಮ್ನಿರ್ತೀವಿ. ಅಳೆಯೋರಿಗೆ ಅದು ಗೊತ್ತಾಗಬಾರದು."

"ಮೋಡ ಬಂದಿರುವಾಗ ಸುಮ್ನಿರೋದಾ? ಎಂಥ ವ್ಯಾಪಾರ ಸಾರ್ ಇದು!"

"ಎರಚಿದ ದಿನ ಮಳೆ ಬಂತು ಅನ್ಕೊಳ್ಳಿ. ಎರಚದಿದ್ರೂ ಬರ್ತಿತ್ತೇನೋ, ಯಾರು ಕಂಡವರು? ಎರಡೂ ಥರದ ದಿನ ಬೇಕಾದಷ್ಟು ಸೇರಿಸಿ ಹೋಲಿಸಿದ್ರೆ ಏನೋ ಒಂದು ಹೇಳಬಹುದು."

ನನಗೆ ಉತ್ತರ ಹಿಡಿಸಲಿಲ್ಲ, ಆದರೂ ಒಪ್ಪಿದೆ. ಇಟ್ಟಿಗೆ ಕಟ್ಟೆಯ ಮೇಲೆ ಡಬ್ಬಿ ಕೂತಿತು. ಬಾಯಿಗೆ ಆಲಿಕೆ, ಒಳಗೊಂದು ಬಾಟಲಿ. ಬೆಳಿಗ್ಗೆ ಎದ್ದು ಬಾಟಲಿಯ ನೀರನ್ನು ಗೆರೆ ಹಾಕಿದ ಗಾಜಿಗೆ ಸುರಿದು ನೋಡಿ, ಅವರ ಕಾರ್ಡಿನಲ್ಲಿ ಬರೆಯುವುದು ನನ್ನ ಕೆಲಸ.

ಮೊದಮೊದಲು ಬಾಟಲಿ ಒಣಗಿತ್ತು. ಆಮೇಲೆ ದಿನವೂ ಒಂದಿಷ್ಟು ನೀರು ಕಾಣತೊಡಗಿತು. ಕೆಳಗಿಳಿದು ಅವ್ವನಿಗೆ ಹೇಳುತ್ತಿದ್ದೆ: "ರಾತ್ರಿ ಹನಿ ಹಾಕಿದೆ ಕಣವ್ವ. ವಿಮಾನದವರು ಕೆಲಸ ಮಾಡ್ತಾ ಇದಾರೆ. ಇನ್ನು ದೊಡ್ಡ ಮಳೆ ಬರತ್ತೆ."

"ಬರಲಪ್ಪ," ಅನ್ನುತ್ತಿದ್ದಳು.

ಬಾಗಿಲಿನ ಮರವನ್ನು ಉಗುರಿನಲ್ಲಿ ಕೆರೆದು ನೋಡದೆ ಕೊಳ್ಳದ ನಾನು, ಡಬ್ಬಿಯ ಸುತ್ತಲಿನ ತಾರಸಿ ಒಣಗಿದೆಯಲ್ಲಾ ಅಂತ ಒಂದು ದಿನವೂ ನೋಡಲಿಲ್ಲ. ನಿಮಗೆ ಬೇಕಾದ ಉತ್ತರ ಬಂದ ದಿನವೇ ಎರಡು ಸಲ ಕೆರೆದು ನೋಡಬೇಕು. ಇದನ್ನು ಈಗ ಎಲ್ಲರಿಗೂ ಹೇಳುತ್ತೇನೆ.

ಕಾರ್ಡು ತೆಗೆದುಕೊಂಡು ಹೋದ ಅಧಿಕಾರಿ ಒಂದು ಸಂಜೆ ತಿರುಗಿ ಬಂದರು. "ಮಾರೇನಹಳ್ಳಿ ಡಬ್ಬಿ ಒಣಗಿದೆ, ಬ್ಯಾಡರಹಳ್ಳೀದೂ ಒಣಗಿದೆ. ನಿಮ್ಮ ಮನೆ ಮೇಲೆ ಮಾತ್ರ ದಿನಾ ಒಂದೇ ಅಳತೆ ಮಳೆ. ಮೋಡ ಇಲ್ಲದ ದಿನಾನೂ!"

ದೀಪ ಹಚ್ಚುವ ಹೊತ್ತಾಗಿತ್ತು. ಅವ್ವ ತನ್ನ ಚೊಂಬು ಹಿಡಿದು ಮೆಟ್ಟಿಲು ಹತ್ತಿದಳು. ನಾವೂ ಹಿಂದೆಯೇ ಹೋದೆವು. ಅವಳು ಆಲಿಕೆಯೊಳಗೆ ಒಂದು ಗುಟುಕು ನೀರು ಬಿಟ್ಟು ಕೈಮುಗಿದಳು.

ದೀಪದ ಹೊತ್ತಿಗೆ ಮನೆಯಲ್ಲಿ ಖಾಲಿ ಕೊಡ, ಖಾಲಿ ಬಿಂದಿಗೆ ಇರಬಾರದು ಅನ್ನುವುದು ನಮ್ಮ ಕಡೆಯ ರೂಢಿ. ನಲ್ಲಿ ಬರದ ದಿನವೂ ಅವ್ವ ತನ್ನ ಪಾಲಿನ ಕುಡಿಯುವ ನೀರಿನಲ್ಲೇ ಎಲ್ಲದರ ತಳ ನೆನೆಸುತ್ತಿದ್ದಳು. ಡಬ್ಬಿಯೂ ಅವಳ ಲೆಕ್ಕಕ್ಕೆ ಮನೆಯ ಪಾತ್ರೆಯೇ.

"ಏನವ್ವಾ ಇದು?"

"ಖಾಲಿ ಪಾತ್ರೆ ಇಟ್ಕಂಡು ಮಳೆ ಕೇಳಿದ್ರೆ ಯಾರು ಕೊಡ್ತಾರಪ್ಪಾ?"

ಅಧಿಕಾರಿ ನಗಲಿಲ್ಲ, ಬೈಯಲೂ ಇಲ್ಲ. ನಮ್ಮ ಮನೆಯ ಕಾರ್ಡನ್ನು ಲೆಕ್ಕದಿಂದ ಪೂರಾ ಬಿಟ್ಟುಬಿಡಬೇಕಾಗುತ್ತದೆ, ಡಬ್ಬಿಯನ್ನು ಬೇರೆಡೆ ಇಡುತ್ತೇವೆ ಅಂದರು. ಅವ್ವ ನನ್ನ ಮುಖ ನೋಡಿದಳು.

"ಹಂಗಾರೆ ರಾತ್ರಿ ಹನಿ ಬಿದ್ದಿದ್ದು?"

"ನಿನ್ನ ಚೊಂಬಿನದೇ ಅವ್ವ."

ಅವಳು ಆಲಿಕೆಯ ಅಂಚು ಸವರಿದಳು. "ಹಂಗಾರೆ ಮಳೆ ಬಂದಿಲ್ಲ," ಅಂದಳು.

ಡಬ್ಬಿ ಒಯ್ಯುವಾಗ ಅಧಿಕಾರಿಯನ್ನು ಬಾಗಿಲಲ್ಲಿ ತಡೆದು ಅದರೊಳಗೆ ಒಂದು ಹಿಡಿ ಅಕ್ಕಿ ಹಾಕಿದಳು. ಪಾತ್ರೆ ಹಿಂದಕ್ಕೆ ಕೊಡುವಾಗಲೂ ಖಾಲಿ ಕೊಡಬಾರದಲ್ಲ.

"ಅಮ್ಮಾ, ಇದು ಸರ್ಕಾರದ್ದು!"

"ಸರ್ಕಾರದೋರು ಉಣ್ಣಲ್ವೇನಪ್ಪಾ? ತಗಂಡೋಗು."

ಮಳೆಗಾಲ ಬಂದ ಹಾಗೆ ಮಾಡಿ ಹಿಂದೆ ಸರಿಯಿತು, ನಲ್ಲಿ ಹಾಗೇ ಇತ್ತು. ಇನ್ನೊಂದು ತಿಂಗಳು ಅಂತ ಕೇಳಲು ನನಗೆ ಬಾಯಿ ಬರಲಿಲ್ಲ. ಮಾತಿನಂತೆ ಅವ್ವನನ್ನು ಹರಿಹರದ ಬಸ್ಸು ಹತ್ತಿಸಿ ಬಂದೆ. ಅವಳು ಹೋದಮೇಲೆ ಒಂದು ದಿನ ಭರ್ತಿ ಮಳೆ ಸುರಿಯಿತು. ವಿಮಾನದ್ದೋ ತಾನಾಗೇ ಬಂದದ್ದೋ ಅಂತ ಬೀದಿಯವರು ವಾದ ಹಚ್ಚಿದರು. ನನ್ನನ್ನೂ ಕೇಳಿದರು. ಗೊತ್ತಿಲ್ಲ ಅಂದೆ.

ಒಳಗೆ ಬಂದಾಗ ದೀಪದ ಹೊತ್ತು. ನನ್ನ ಹೆಂಡತಿ ಅಡುಗೆಗೆ ಕೂತಿದ್ದಳು. ಮೂಲೆಯ ಖಾಲಿ ಬಿಂದಿಗೆಗೆ ಒಂದು ಲೋಟ ನೀರು ಹಾಕಿ, ಅದರ ಪಕ್ಕದಲ್ಲೇ ಕೂತೆ.